ಗೊಂಬೆಯ ಉಡುಗೆ ಮತ್ತು ತೊಡುಗೆ

ಕನ್ನಡದಲ್ಲಿ ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ಪೇಟವನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ. ಇಂಗ್ಲಿಷಿನವರು ಇವುಗಳಲ್ಲಿ ಬಹುಪಾಲಿಗೆ ಒಂದೇ ಕ್ರಿಯಾಪದದಿಂದ ಕೆಲಸ ಸಾಗಿಸುತ್ತಾರೆ. ಈ ಭೇದಗಳಲ್ಲಿ ಮೊದಲಿನ ಎರಡು ಪ್ರಕೃತಕ್ಕೆ ಮುಖ್ಯವಾದವು. ಆಕಾರ ಮೊದಲೇ ನಿಶ್ಚಿತವಾಗಿರುವ ವಸ್ತುವಿನೊಳಕ್ಕೆ ಮೈಯನ್ನು ಸೇರಿಸುವುದು ತೊಡುವಿಕೆ. ಅಂಗಿ, ಕುಪ್ಪಸ, ಬಳೆ, ಉಂಗುರಗಳು ಆ ವರ್ಗದವು. ಆಕಾರವಿಲ್ಲದ ಅರಿವೆಗೆ ಮೈಯ ಮೇಲೆಯೇ ಆಕಾರ ಕೊಡುವುದು ಉಡುವಿಕೆ. ‘ಉಡುಗೆ ತೊಡುಗೆ’ ಎಂಬ ಜೋಡುನುಡಿ ಬರಿಯ ಪ್ರಾಸಕ್ಕಾಗಿ ನಿಂತಿರುವುದಲ್ಲ. ನಮ್ಮ ಸುತ್ತಣ ತೆಲುಗಿನವರೂ ಸೀರೆಯನ್ನು ಕಟ್ಟಿಕೊಳ್ಳುತ್ತಾರೆ, ಅಂಗಿಯನ್ನು ತೊಡುಗಿಕೊಳ್ಳುತ್ತಾರೆ. ಈಚೆಗೆ ನಗರದ ಮಾತಿನಲ್ಲಿ ‘ಹಾಕು’ ಎಂಬ ಒಂದೇ ಧಾತು ಇವೆಲ್ಲವನ್ನೂ ನುಂಗುತ್ತಿದೆ. ‘ಹಬ್ಬಕ್ಕೆ ಸೀರೆ ಹಾಕಿಕೊಳ್ಳುತ್ತೇನೆ’ ಎನ್ನುವ ಹುಡುಗಿಯರು ಕಾಚಿಗುಡದಲ್ಲಿಯೂ ಉಂಟು, ಬೆಂಗಳೂರಿನಲ್ಲಿಯೂ ಉಂಟು. ಇದನ್ನು ಕೇವಲ ಭಾಷೆಯ ಸಡಿಲವೆಂದು ನಾನು ಎಣಿಸುವುದಿಲ್ಲ. ಮಾತು ಹೋಗುವುದಕ್ಕೆ ಮುಂಚೆ ಕೈಯ ಕೆಲಸ ಹೋಗಿರುತ್ತದೆ. ಆ ಕೈಯ ಕೆಲಸವನ್ನು ಮಕ್ಕಳು ಎಲ್ಲಿ ಕಲಿಯುತ್ತಿದ್ದರು ಎಂದು ವಿಚಾರಿಸಿದಾಗ ಗೊಂಬೆಯ ಬಳಿಗೆ ಬರಬೇಕಾಗುತ್ತದೆ.

ಪಶ್ಚಿಮ ದೇಶಗಳ ಗೊಂಬೆ ಪ್ರಿಯರಲ್ಲಿ ‘ಕನ್ವರ್ಟಿಬಲ್’ ಉಡುಪೆಂಬ ಒಂದು ಪ್ರಭೇದಕ್ಕೆ ವಿಶೇಷ ಮನ್ನಣೆಯಿದೆ. ಒಂದೇ ಉಡುಪು ತಿರುವಿದರೆ, ಮಡಿಸಿದರೆ, ಗುಂಡಿ ಬಿಚ್ಚಿದರೆ ಮತ್ತೊಂದಾಗುವುದು ಅದರ ಲಕ್ಷಣ. ‘ಪರಿವರ್ತನೀಯ’ ಎಂಬ ಶಬ್ದ ನಮ್ಮ ವೃತ್ತಿಯಲ್ಲಿ ಸಾಲಪತ್ರಗಳಿಗೆ ಮೀಸಲು. ಅದನ್ನೇ ಇಲ್ಲಿಯೂ ಬಳಸುತ್ತೇನೆ. ಹೋಲಿಕೆ ಮುಂದೆ ಉಪಯೋಗಕ್ಕೆ ಬರುತ್ತದೆ. ಇಂಥ ಉಡುಪಿನ ಪ್ರಸಿದ್ಧ ಉದಾಹರಣೆ ಅಮೆರಿಕದ ಮ್ಯಾಟೆಲ್ ಸಂಸ್ಥೆ ೧೯೮೫ರಲ್ಲಿ ಹೊರತಂದ ‘ಡೇ ಟು ನೈಟ್’ ಬಾರ್ಬಿ. ಹಗಲಿನಲ್ಲಿ ಆಕೆ ನಸುಗೆಂಪು ಬಣ್ಣದ ಕಚೇರಿಯ ಉಡುಪು ತೊಟ್ಟು, ಕೈಪೆಟ್ಟಿಗೆ ಹಿಡಿದು ಕೆಲಸಕ್ಕೆ ಹೋಗುವವಳು. ಅವಳ ಸಾಮಾನುಗಳಲ್ಲಿ ಲೆಕ್ಕದ ಯಂತ್ರವೂ ಒಂದು. ಬ್ಯಾಂಕಿನವರಿಗೆ ಇದು ಸಂತೋಷದ ವಿಷಯ. ಸಂಜೆಯಾದ ಮೇಲೆ ಕೋಟನ್ನು ಕಳಚಿ ಲಂಗವನ್ನು ಒಳಹೊರಗು ಮಾಡಿದರೆ ಮಿನುಗುವ ಔತಣದ ಉಡುಪು ಸಿದ್ಧ.

ಈ ಲಂಗದ ಚಾತುರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಪರಿವರ್ತನೆ ಎಂಥದು? ಕಂಪನಿ ಪತ್ರವನ್ನು ಹೊರಡಿಸುವಾಗಲೇ ಪರಿವರ್ತನೆಯ ದರ, ದಿನ, ಷರತ್ತುಗಳನ್ನು ಅಚ್ಚು ಹಾಕಿಸಿರುತ್ತದೆ. ಪತ್ರ ಹಿಡಿದವನು ಆ ದಾರಿಯಲ್ಲಿ ಮಾತ್ರ ನಡೆಯಬಹುದು. ಡೇ ಟು ನೈಟ್ ಲಂಗವೂ ಅಂಥದೇ. ಅದಕ್ಕೆ ಎರಡೇ ರೂಪಗಳು, ಎರಡನ್ನೂ ಹೊಲಿದವರು ಮುಂಗಂಡಿದ್ದಾರೆ. ಮೂರನೆಯದನ್ನು ಮಗು ಕಂಡುಹಿಡಿಯುವ ಸಂಭವ ಕಡಿಮೆ. ಹೊಲಿಯದ ಒಂದು ಗಜ ಅರಿವೆಯಾದರೋ ಕೈಯಲ್ಲಿರುವ ನಗದಿನಂತೆ, ಯಾವುದಕ್ಕೆ ಬೇಕಾದರೂ ಬದಲಾಗುತ್ತದೆ.

ಬಾರ್ಬಿಯ ಇತಿಹಾಸವನ್ನು ನೋಡಿದರೆ ಈ ಮಿತಿಗೆ ಕಾರಣ ಸ್ಪಷ್ಟವಾಗುತ್ತದೆ. ರೂತ್ ಹ್ಯಾಂಡ್ಲರ್ ಎಂಬಾಕೆ ತನ್ನ ಮಗಳು ಕಾಗದದ ಗೊಂಬೆಗಳಿಗೆ ಕಾಗದದ ಉಡುಪು ಸಿಕ್ಕಿಸಿ ಆಡುವುದನ್ನು ಕಂಡು, ಜರ್ಮನಿಯಲ್ಲಿ ೧೯೫೫ರಿಂದ ಮಾರಾಟವಾಗುತ್ತಿದ್ದ ಲಿಲ್ಲಿ ಎಂಬ ಗೊಂಬೆಯ ಮಾದರಿಯನ್ನು ಅನುಸರಿಸಿ ೧೯೫೯ರ ಮಾರ್ಚಿಯಲ್ಲಿ ಬಾರ್ಬಿಯನ್ನು ನ್ಯೂಯಾರ್ಕಿನ ಆಟಿಕೆ ಮೇಳಕ್ಕೆ ತಂದಳು. ಹನ್ನೊಂದೂವರೆ ಅಂಗುಲದ ಆ ಗೊಂಬೆಗೆ ಮೈಮೇಲಿದ್ದುದು ಈಜುಡುಗೆ. ಬಾಕಿ ಉಡುಪುಗಳೆಲ್ಲ ಬೇರೆ ಬೇರೆ ಪೊಟ್ಟಣಗಳಲ್ಲಿ, ಬೇರೆ ಬೇರೆ ಬೆಲೆಗೆ. ಗೊಂಬೆ ಒಮ್ಮೆ ಮಾರಾಟವಾಗುವ ಸರಕು. ಉಡುಪು ವರ್ಷವರ್ಷವೂ ಮಾರಾಟವಾಗುವ ಸರಕು. ಹೀಗಿರುವಾಗ ಒಂದು ಉಡುಪು ಹತ್ತಾಗುವುದು ವ್ಯಾಪಾರಿಗೆ ಹಿತವಲ್ಲ. ಎರಡಾಗುವುದು ಜಾಹೀರಾತಿಗೆ ಒಳ್ಳೆಯದು, ಅಷ್ಟಕ್ಕೆ ನಿಲ್ಲಬೇಕು. ಇದಕ್ಕೂ ಹಿಂದೆ, ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ, ಪ್ಯಾರಿಸಿನ ಹೊಸ ಉಡುಪುಗಳನ್ನು ತೊಡಿಸಿ ಯೂರೋಪಿನ ಇತರ ಅರಮನೆಗಳಿಗೆ ಕಳುಹಿಸುತ್ತಿದ್ದ ‘ಪಂಡೋರಾ’ ಗೊಂಬೆಗಳೂ ಮಾದರಿಯನ್ನು ಸಾರುವ ದೂತಿಯರೇ. ಸಿಂಗಾರದ ಗೊಂಬೆಗೂ ಹೊಲಿಗೆಯ ವ್ಯಾಪಾರಕ್ಕೂ ನಂಟು ಹಳೆಯದು.

ನಮ್ಮಲ್ಲಿ ಇದಕ್ಕೆ ಸಮನಾದುದನ್ನು ಹುಡುಕುವವರು ಸಾಮಾನ್ಯವಾಗಿ ಚನ್ನಪಟ್ಟಣದ ಕಡೆ ಕೈತೋರಿಸುತ್ತಾರೆ. ಅದು ಸರಿಯಲ್ಲ. ಚನ್ನಪಟ್ಟಣದ ಆಲೆ ಮರದ ಬೊಂಬೆಗೆ ಬಟ್ಟೆ ಎಂದರೆ ಅರಗಿನ ಬಣ್ಣ, ಅದನ್ನು ಕಳಚುವಂತಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳೂ ಹಾಗೆಯೇ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದು, ೧೯೫೬ರವರೆಗೆ ಹೈದರಾಬಾದು ರಾಜ್ಯದೊಳಗೇ ಇದ್ದುದರಿಂದ ಅದನ್ನು ಈ ಊರಿನವರು ಪರಕೀಯವೆಂದು ಎಣಿಸಬೇಕಾಗಿಲ್ಲ. ಅಲ್ಲಿಯ ಚಿತ್ರಗಾರರು ಹಗುರ ಮರದ ಮೇಲೆ ಹುಣಿಸೆ ಬೀಜದ ಅಂಟಿನಿಂದ ಮಾಡಿದ ಕಿಟ್ಟವನ್ನು ಬಳಿದು, ಅದರ ಮೇಲೆ ಸೀರೆ, ಕುಪ್ಪಸ, ಒಡವೆ ಎಲ್ಲವನ್ನೂ ಬಣ್ಣದಲ್ಲಿ ಮೂಡಿಸುತ್ತಾರೆ. ನಮ್ಮ ನೆರೆಯ ನಿರ್ಮಲ್, ಆಂಧ್ರದ ಕೊಂಡಪಲ್ಲಿ ಇವೂ ಇದೇ ಪಂಗಡ. ಉಪ್ಪಿನಕುದ್ರು ಮತ್ತು ಕಾಸರಗೋಡಿನ ಯಕ್ಷಗಾನ ಗೊಂಬೆಗಳಿಗೆ ನಿಜವಾದ ಬಟ್ಟೆಯೇ ಉಂಟು. ಆದರೆ ಅಲ್ಲಿ ಬಟ್ಟೆ ಎಂದರೆ ವೇಷ, ವೇಷವೆಂದರೆ ಪಾತ್ರ.

ನಮಗೆ ಬೇಕಾದುದು ಪಟ್ಟದ ಗೊಂಬೆ. ರಕ್ತಚಂದನದ ರಾಜ ರಾಣಿಯರ ಈ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವುದು ಹಳೆಯ ಮೈಸೂರು ಸೀಮೆಯ ಹಲವು ಮನೆತನಗಳ ವಾಡಿಕೆ. ತಮಿಳರು ಇದನ್ನೇ ‘ಮರಪ್ಪಾಚಿ’ ಎನ್ನುತ್ತಾರೆ. ತಿರುಪತಿ ಇದರ ದೊಡ್ಡ ಮಾರುಕಟ್ಟೆ. ನವರಾತ್ರಿಯ ಪಾಡ್ಯದಂದು ಗೊಂಬೆ ಕೂರಿಸುವಾಗ ಮೊದಲ ಸ್ಥಾನ ಇವಕ್ಕೇ. ಕೆತ್ತನೆ ಒರಟು, ಮುಖದಲ್ಲಿ ಭಾವ ಕಡಿಮೆ, ಮೈಗೆ ಅಂಟಿದ ತೋಳು. ಬಟ್ಟೆಯಿಲ್ಲದೆ ನೋಡಿದರೆ ಕೆಂಪು ಮರದ ಎರಡು ತುಂಡುಗಳು ಎಂದು ತೋರೀತು. ಈ ಅಪೂರ್ಣತೆ ದೋಷವಲ್ಲ, ಅನುಕೂಲ. ಮುಗಿದ ಗೊಂಬೆಗೆ ಉಡಿಸಲು ಏನಿದೆ? ಪಟ್ಟದ ಗೊಂಬೆ ವರ್ಷಕ್ಕೊಮ್ಮೆ ಹೊಸದಾಗಿ ಉಡಿಸಿಕೊಳ್ಳುವುದಕ್ಕಾಗಿಯೇ ಅರ್ಧದಲ್ಲಿ ನಿಂತಿರುವ ಶಿಲ್ಪ. ಹೋದ ವರ್ಷ ರಾಣಿಯ ಸೀರೆಯಾಗಿದ್ದ ತುಂಡು ಈ ವರ್ಷ ರಾಜನ ಶಲ್ಯವಾಗಬಹುದು, ಮುಂದಿನ ವರ್ಷ ಮೆಟ್ಟಿಲಿನ ಹಾಸಾಗಬಹುದು. ಇಲ್ಲಿ ಪರಿವರ್ತನೆ ಬಟ್ಟೆಯೊಳಗೆ ಹೊಲಿದಿಟ್ಟ ಉಪಾಯವಲ್ಲ, ಉಡಿಸುವವಳ ಕೈಯಲ್ಲಿದೆ. ಶೃಂಗೇರಿಯಲ್ಲಿ ನವರಾತ್ರಿಯ ದಿನಗಳಲ್ಲಿ ಶಾರದೆಯ ಒಂದೇ ಮೂರ್ತಿ ದಿನಕ್ಕೊಂದು ಅಲಂಕಾರದಲ್ಲಿ ಬ್ರಾಹ್ಮಿಯಾಗಿ, ಮಾಹೇಶ್ವರಿಯಾಗಿ, ವೈಷ್ಣವಿಯಾಗಿ, ಮೋಹಿನಿಯಾಗಿ ಕಾಣುವುದನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಕೆಲಸ ಸುಲಭವೆಂದು ಯಾರೂ ಭಾವಿಸಬಾರದು. ಬಟ್ಟೆಯನ್ನು ಚಿಕ್ಕದಾಗಿ ಕತ್ತರಿಸಬಹುದು, ಅದರ ದಪ್ಪವನ್ನು ಕತ್ತರಿಸಲಾಗದು. ತೊಡಕೆಲ್ಲ ಇಲ್ಲಿಂದ ಹುಟ್ಟುತ್ತದೆ. ಬಾರ್ಬಿಯಂಥ ಗೊಂಬೆ ಸುಮಾರು ಆರನೆಯ ಒಂದು ಪಾಲಿನ ಪ್ರಮಾಣದ್ದು. ಆ ಲೆಕ್ಕದಲ್ಲಿ ಆರು ಗಜದ ಸೀರೆ ಅದಕ್ಕೆ ಒಂದು ಗಜ. ನಲವತ್ತೈದು ಅಂಗುಲದ ಪನ್ನ ಏಳೂವರೆ ಅಂಗುಲ. ಲೆಕ್ಕ ಚೆನ್ನಾಗಿ ಕೂಡುತ್ತದೆ, ಸೀರೆ ಕೂಡುವುದಿಲ್ಲ. ಹೆಂಗಸಿನ ಸೊಂಟದಿಂದ ಪಾದದವರೆಗೆ ಇಳಿಯುವ ನೆರಿಗೆ ತನ್ನ ತೂಕದಿಂದಲೇ ಕೆಳಕ್ಕೆ ಜಗ್ಗಿ ನೇರವಾಗಿ ನಿಲ್ಲುತ್ತದೆ. ಅದೇ ರೇಷ್ಮೆಯನ್ನು ಆರೇಳು ಅಂಗುಲ ಇಳಿಬಿಟ್ಟರೆ ಜಗ್ಗುವಷ್ಟು ತೂಕವೇ ಇಲ್ಲ. ಬಟ್ಟೆಯ ಬಿರುಸು ಮಾತ್ರ ಮೊದಲಿನಷ್ಟೇ. ಆದಕಾರಣ ನೆರಿಗೆ ರಟ್ಟಿನಂತೆ ಮುಂದಕ್ಕೆ ನಿಗುರುತ್ತದೆ, ಸೆರಗು ಹೆಗಲಿನಿಂದ ಹಲಗೆಯಂತೆ ಚಾಚಿಕೊಳ್ಳುತ್ತದೆ. ಸೊಂಟದಲ್ಲಿ ಹನ್ನೆರಡು ಪದರ ಸೇರಿಸಿದರೆ ರಾಣಿ ಗರ್ಭಿಣಿಯಂತೆ ತೋರುತ್ತಾಳೆ. ಎರಡೂವರೆ ಅಂಗುಲದ ಜರಿ ಅಂಚು ಮಂಡಿಯನ್ನು ದಾಟುತ್ತದೆ; ಒಂದು ಬುಟ್ಟಾ ಹೂ ಅವಳ ತಲೆಯಷ್ಟಾಗುತ್ತದೆ.

ಇದಕ್ಕೆ ಮನೆಯ ಹಿರಿಯ ಹೆಂಗಸರು ಕಂಡುಕೊಂಡಿದ್ದ ಪರಿಹಾರಗಳು ಯಾವ ವಿನ್ಯಾಸಕಾರನಿಗೂ ಕಡಿಮೆಯವಲ್ಲ. ಹೊಸ ಬಟ್ಟೆಯನ್ನು ಬಿಟ್ಟು, ಗಂಜಿಯೆಲ್ಲ ಹೋಗಿ ಸವೆದ ಹಳೆಯ ಸೀರೆಯನ್ನೇ ಆರಿಸಬೇಕು. ಅಗಲವಾದ ಅಂಚಿನಿಂದ ಒಂದೇ ಎಳೆ ಪಟ್ಟಿಯನ್ನು ಬಿಡಿಸಿ ಅದನ್ನೇ ಗೊಂಬೆಯ ಸೀರೆಗೆ ಪೂರ್ಣ ಅಂಚಾಗಿ ಕೂಡಿಸಬೇಕು. ನೆರಿಗೆ ಹಿಡಿದು, ನೀರು ಚಿಮುಕಿಸಿ, ದಾರದಿಂದ ಮೂರು ಕಡೆ ಕಟ್ಟಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ದಾರ ಬಿಚ್ಚಿದರೆ ಅದು ಮಡಿಕೆಯನ್ನು ಮರೆಯುವುದಿಲ್ಲ. ನೆರಿಗೆಯ ಸಂಖ್ಯೆಯನ್ನು ಪ್ರಮಾಣಕ್ಕಿಂತ ಕಡಿಮೆ ಮಾಡಬೇಕು. ಐದು ನೆರಿಗೆ ಹನ್ನೆರಡರ ಭ್ರಮೆಯನ್ನು ಕೊಡಬೇಕು. ಒಟ್ಟಿನಲ್ಲಿ ಗೊಂಬೆಯ ಸೀರೆ ದೊಡ್ಡ ಸೀರೆಯ ಕಿರುರೂಪವಲ್ಲ, ಅದರ ಅನುವಾದ. ಅನುವಾದದಲ್ಲಿ ಎಷ್ಟನ್ನು ಬಿಡಬೇಕೆಂಬುದೇ ಕಷ್ಟವೆಂದು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ.

ಕಚ್ಚೆಯ ವಿಚಾರ ಇನ್ನೂ ಸೂಕ್ಷ್ಮ. ಹದಿನೆಂಟು ಮೊಳದ ಸೀರೆಯನ್ನು ಒಂಬತ್ತು ಅಂಗುಲದ ರಾಣಿಗೆ ಇಳಿಸಿದರೆ, ಸುಮಾರು ಏಳರಲ್ಲಿ ಒಂದರಂತೆ, ನಲವತ್ತಾರು ಅಂಗುಲ ಬೇಕು. ಅಷ್ಟನ್ನು ಸುತ್ತಿದರೂ ಕಚ್ಚೆ ಬರುವುದಿಲ್ಲ. ಪಟ್ಟದ ಗೊಂಬೆಗೆ ಸಾಮಾನ್ಯವಾಗಿ ಕಾಲುಗಳ ನಡುವೆ ಸಂದಿಯೇ ಇರುವುದಿಲ್ಲ; ಎರಡು ಕಾಲೂ ಒಂದೇ ಮರದಲ್ಲಿ ಕೂಡಿಕೊಂಡಿರುತ್ತವೆ. ನೆರಿಗೆಯ ತುದಿಯನ್ನು ಹಿಂದಕ್ಕೆ ಕೊಂಡೊಯ್ಯುವ ದಾರಿ ಮುಚ್ಚಿದೆ. ಆದುದರಿಂದ ಬೇರೊಂದು ಪಟ್ಟಿಯನ್ನು ಬೆನ್ನ ಹಿಂದೆ ಸಿಕ್ಕಿಸಿ ಕಚ್ಚೆಯೆಂದು ನಂಬಿಸುವುದು ರೂಢಿ. ಇಲ್ಲೊಂದು ವಿಚಿತ್ರವಿದೆ. ಕಾಲುಗಳು ಬೇರೆ ಬೇರೆಯಾಗಿರುವ, ಸೊಂಟದಲ್ಲಿ ತಿರುಗುವ ಪರದೇಶದ ಗೊಂಬೆಗೆ ನಿಜವಾದ ಕಚ್ಚೆಯನ್ನು ಯಥಾಕ್ರಮವಾಗಿ ಉಡಿಸಬಹುದು. ನಮ್ಮ ರಾಣಿಗೆ ಸಾಧ್ಯವಾಗದ ನಮ್ಮ ಉಡುಗೆ ಬಾರ್ಬಿಗೆ ಸಾಧ್ಯ. ಅವಳಿಗೆ ಕೊರತೆ ಇರುವುದು ಬೇರೆ ಕಡೆ: ಸೊಂಟ ಅತಿ ಸಪೂರ, ಮೈ ನುಣುಪು, ನೆರಿಗೆ ಸಿಕ್ಕಿಸಿದರೆ ಜಾರುತ್ತದೆ. ನಡುವಿಗೆ ಒಂದು ನಾಡಾ ಕಟ್ಟಿದರೆ ಆ ದೋಷವೂ ಪರಿಹಾರ. ತುದಿಗಾಲಿನಲ್ಲಿ ನಿಲ್ಲುವ ಅವಳ ಪಾದಕ್ಕೆ ಮಾತ್ರ ಯಾವ ಪರಿಹಾರವೂ ಕಾಣದು.

ಇಷ್ಟನ್ನು ಗಮನಿಸಿದ ಮೇಲೆ ‘ನಮ್ಮ ಗೊಂಬೆ ಶ್ರೇಷ್ಠ, ಅವರ ಗೊಂಬೆ ಕನಿಷ್ಠ’ ಎಂಬ ಹಬ್ಬದ ಭಾಷಣಗಳ ವಾದ ನಿಲ್ಲುವುದಿಲ್ಲ. ಆ ವಾದದವರು ಮರೆಮಾಚುವ ಮತ್ತೊಂದು ಸಂಗತಿಯೂ ಇದೆ. ಪಟ್ಟದ ಗೊಂಬೆ ಎಲ್ಲ ಕನ್ನಡ ಮನೆಗಳ ಸೊತ್ತಾಗಿರಲಿಲ್ಲ. ಅರಮನೆ, ಅಧಿಕಾರ, ಅಗ್ರಹಾರಗಳ ನೆರಳಿನ ಮನೆಗಳಲ್ಲಿಯೇ ಅದು ಹೆಚ್ಚು. ಉಳಿದ ಮಕ್ಕಳು ಚಿಂದಿಯ ಗೊಂಬೆಗೆ ಚಿಂದಿಯನ್ನೇ ಉಡಿಸಿ ಆಡಿದವರು. ಪಟ್ಟದ ಗೊಂಬೆಯಿದ್ದ ಮನೆಗಳಲ್ಲಿಯೂ ಅದು ಪೂಜೆಗೆ ಸಲ್ಲುವ ವಸ್ತುವಾದುದರಿಂದ ಮಗು ‘ಮುಟ್ಟಬೇಡ’ ಎಂಬ ಮಾತನ್ನು ಕೇಳಿದ್ದೇ ಹೆಚ್ಚು. ಒಂಬತ್ತು ದಿನ ಮೆಟ್ಟಿಲ ಮೇಲೆ, ಮಿಕ್ಕ ದಿನ ಪೆಟ್ಟಿಗೆಯಲ್ಲಿ. ಅದಕ್ಕೆ ಹೋಲಿಸಿದರೆ ಡೇ ಟು ನೈಟ್ ಲಂಗವನ್ನು ಐದು ವರ್ಷದ ಹುಡುಗಿ ಯಾರ ಅಪ್ಪಣೆಯೂ ಇಲ್ಲದೆ ದಿನಕ್ಕೆ ಇಪ್ಪತ್ತು ಸಲ ತಿರುವಬಲ್ಲಳು. ಒಂದು ವಸ್ತು ಎರಡಾಗುವ ಬೆರಗು ಅವಳ ಬೆರಳಿಗೇ ಸಿಗುತ್ತದೆ. ಇದು ಸಣ್ಣ ಗುಣವಲ್ಲ. ಆಟವೆನ್ನಿಸಿಕೊಳ್ಳಲು ಮುಟ್ಟುವ ಸ್ವಾತಂತ್ರ್ಯ ಬೇಕು.

ನನ್ನ ತಕರಾರು ಬಾರ್ಬಿಯ ಮೇಲಲ್ಲ, ಅಂಟಿನ ಮೇಲೆ. ಈಗ ಅಂಗಡಿಗಳಲ್ಲಿ ಪಟ್ಟದ ಗೊಂಬೆಗಳು ಪೂರ್ಣ ಅಲಂಕಾರದೊಡನೆ ದೊರೆಯುತ್ತವೆ. ರಕ್ತಚಂದನದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ೧೯೯೫ರಿಂದ ನಿರ್ಬಂಧವಿದ್ದು ಮರವೂ ದುಬಾರಿಯಾಗಿರುವುದರಿಂದ, ಬೇರೆ ಮರಕ್ಕೆ ಕೆಂಪು ಹಚ್ಚಿದವೂ ಅವುಗಳಲ್ಲಿ ಇವೆ, ಅದು ಕ್ಷಮ್ಯ. ಕ್ಷಮಿಸಲಾಗದುದು ಸೀರೆಯನ್ನು ಮೈಗೆ ಅಂಟಿಸಿಬಿಡುವುದು. ಜರಿ, ಹರಳು, ಮುತ್ತು, ಎಲ್ಲವೂ ಗೋಂದಿನ ಮೇಲೆ ಭದ್ರ. ಕೊಳ್ಳುವವರಿಗೆ ಅನುಕೂಲವೇ: ಎರಡು ಕೋಣೆಯ ಮನೆಯಲ್ಲಿ, ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರದಲ್ಲಿ, ಅತ್ತೆ ಮೈಸೂರಿನಲ್ಲಿಯೋ ರಾಯಚೂರಿನಲ್ಲಿಯೋ ಉಳಿದಿರುವಾಗ, ಮಹಾಲಯ ಅಮಾವಾಸ್ಯೆಯ ರಾತ್ರಿ ಕುಳಿತು ನೆರಿಗೆ ಹಿಡಿಯುವವರು ಯಾರು? ಪೆಟ್ಟಿಗೆಯಿಂದ ತೆಗೆದು ನಿಲ್ಲಿಸಿದರಾಯಿತು. ಆದರೆ ಹಾಗೆ ನಿಂತದ್ದು ಪಟ್ಟದ ಗೊಂಬೆಯಲ್ಲ, ಕಿನ್ನಾಳದ ಗೊಂಬೆಯ ದುಬಾರಿ ಅನುಕರಣೆ. ಕಿನ್ನಾಳದ ಚಿತ್ರಗಾರನ ಕೈಚಳಕವೂ ಅದಕ್ಕಿಲ್ಲ. ಸೀರೆಯುಟ್ಟ ಪ್ಲಾಸ್ಟಿಕ್ ಗೊಂಬೆಗಳ ಪಾಡೂ ಇದೇ. ೧೯೮೦ರ ದಶಕದ ಕೊನೆಯ ವೇಳೆಗೆ ಸೀರೆಯ ಬಾರ್ಬಿ ಭಾರತಕ್ಕೆ ಬಂದಾಗ ಹಲವರು ಅದನ್ನು ನಮ್ಮ ಗೆಲುವೆಂದು ಎಣಿಸಿದರು. ಪೇಟೆಯಲ್ಲಿ ಸಿಗುವ ಇಂಥ ಗೊಂಬೆಗಳನ್ನು ಕೈಗೆತ್ತಿಕೊಂಡು ನೋಡಿದರೆ ನೆರಿಗೆಗಳನ್ನು ಸೊಂಟದ ಪಟ್ಟಿಗೆ ಮೊದಲೇ ಹೊಲಿದಿರುವುದು, ಸೆರಗನ್ನು ಹೆಗಲಿಗೆ ಟಾಕಿರುವುದು ಅನೇಕ ಕಡೆ ಕಾಣುತ್ತದೆ. ಅದು ಸೀರೆಯ ಆಕಾರದ ಲಂಗ. ಉಡುಗೆಯನ್ನು ತೊಡುಗೆಯಾಗಿ ಮಾಡಿದ ಮೇಲೆ ಬಿಚ್ಚಿದ ಹುಡುಗಿಗೆ ಮತ್ತೆ ಉಡಿಸುವ ಪ್ರಮೇಯವೇ ಬರುವುದಿಲ್ಲ. ‘ಹಾಕು’ ಎಂಬ ಕ್ರಿಯಾಪದ ಅವಳಿಗೆ ಸಾಕು.

ಇದೇ ದೃಷ್ಟಿಯಿಂದ ದೆಹಲಿಯ ಶಂಕರ್ ಅಂತಾರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವನ್ನೂ ಸ್ವಲ್ಪ ಪ್ರಶ್ನಿಸಬೇಕಾಗುತ್ತದೆ. ವ್ಯಂಗ್ಯಚಿತ್ರಕಾರ ಶಂಕರ್ ಅವರು ೧೯೬೫ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ತನ್ನದೇ ಕಾರ್ಯಾಗಾರದಲ್ಲಿ ಭಾರತದ ನಾನಾ ಪ್ರಾಂತಗಳ ವೇಷದ ಗೊಂಬೆಗಳನ್ನು ಮಾಡಿಸಿ ಮಹದುಪಕಾರ ಮಾಡಿದೆ. ನೂರಕ್ಕೂ ಮೇಲ್ಪಟ್ಟ ಬಗೆಗಳಿವೆ, ಪ್ರತಿಯೊಂದರ ಹಿಂದೆ ಅಧ್ಯಯನವಿದೆ. ಆದರೆ ಅಲ್ಲಿ ಪ್ರಾಂತಕ್ಕೊಂದು ಗೊಂಬೆ, ಗೊಂಬೆಗೊಂದು ಉಡುಗೆ, ಗಾಜಿನ ಹಿಂದೆ ಎಲ್ಲವೂ ಸ್ಥಿರ. ಗಣರಾಜ್ಯೋತ್ಸವದ ಮೆರವಣಿಗೆಯ ನೋಟವೂ ಹೀಗೆಯೇ. ಒಂದೇ ಅರಿವೆ ಮೈಸೂರಿನಲ್ಲಿ ಒಂದು ರೀತಿ, ಧಾರವಾಡದಲ್ಲಿ ಕಚ್ಚೆಯಾಗಿ, ಕೊಡಗಿನಲ್ಲಿ ನೆರಿಗೆಯನ್ನು ಬೆನ್ನಿಗೆ ಕೊಟ್ಟು ಸೆರಗಿನ ತುದಿಯನ್ನು ಬಲ ಹೆಗಲಿಗೆ ಸಿಕ್ಕಿಸಿ ಮತ್ತೊಂದು ರೀತಿ ಆಗುತ್ತದೆಂಬ ಸಂಗತಿ, ಬೇರೆ ಬೇರೆ ಮೂರು ಗೊಂಬೆಗಳನ್ನು ನೋಡಿದವನಿಗೆ ಹೊಳೆಯುವುದಿಲ್ಲ. ಒಂದೇ ಗೊಂಬೆಗೆ ಮೂರು ಸಲ ಉಡಿಸಿದವಳಿಗೆ ಹೊಳೆಯುತ್ತದೆ. (ಕೊಡಗಿನ ರೀತಿ ಮೆಟ್ಟಿಲ ಮೇಲಿನ ಗೊಂಬೆಗೆ ನಷ್ಟದ ಬಾಬತ್ತು, ನೋಡುವವರು ಮುಂದಿರುತ್ತಾರೆ, ಶ್ರಮವೆಲ್ಲ ಹಿಂದೆ ಹೋಗುತ್ತದೆ.)

ಹೈದರಾಬಾದಿನಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ವಿಶೇಷ ಸೌಕರ್ಯವಿದೆ. ಇಲ್ಲಿಯ ಮುಸಲ್ಮಾನ ಮದುವಣಗಿತ್ತಿಯರ ‘ಖಡಾ ದುಪಟ್ಟಾ’ ಸುಮಾರು ಆರು ಗಜದ ಹೊಲಿಯದ ಅರಿವೆ. ಹೊಲಿದ ಕುರ್ತಾ, ಚೂಡಿದಾರಗಳ ಮೇಲೆ ಅದನ್ನು ನೆರಿಗೆ ಹಿಡಿದು ಹೆಗಲುಗಳಲ್ಲಿ ನಿಲ್ಲಿಸುತ್ತಾರೆ. ಉದ್ದ ನಮ್ಮ ಸೀರೆಯಷ್ಟೇ ಎಂಬುದನ್ನು ಗಮನಿಸಬೇಕು. ಉಡುವುದೂ ತೊಡುವುದೂ ಒಂದೇ ಮೈಯ ಮೇಲೆ ಇಷ್ಟು ಘನವಾಗಿ ಕೂಡಿರುವ ಉದಾಹರಣೆ ಅಪರೂಪ. ಗುಡಿಯಾ ಮದುವೆಯಾಡುವ ಹಳೆಯ ನಗರದ ಮಕ್ಕಳ ಆಟದಲ್ಲಿಯೂ ಹೆಣ್ಣುಗೊಂಬೆಯ ದುಪಟ್ಟಾವೇ ಮುಖ್ಯ ಸಂಭ್ರಮ. ನಮ್ಮ ಗೊಂಬೆ ಹಬ್ಬ ಈ ಊರಿನಲ್ಲಿ ಬತುಕಮ್ಮನ ಹೂಗಳ ನಡುವೆ ಬರುತ್ತದೆ. ಅನೇಕ ತೆಲುಗು ಮನೆಗಳಲ್ಲಿ ಬೊಮ್ಮಲ ಕೊಲುವು ಸಂಕ್ರಾಂತಿಗೆ. ಆ ಒಂದು ಗಜದ ಅರಿವೆ ಆಶ್ವಯುಜದಲ್ಲಿ ಸೀರೆ, ಪುಷ್ಯದಲ್ಲಿ ನೆರೆಮನೆಯ ಕೊಲುವಿನಲ್ಲಿ ಬೇರೆ ಕಟ್ಟಿನ ಚೀರ, ನಡುವೆ ಯಾವಾಗಲಾದರೂ ಖಡಾ ದುಪಟ್ಟಾ ಆಗಲು ಅಡ್ಡಿಯೇನು? ಹೊರನಾಡಿನ ಕನ್ನಡಿಗರ ಮಕ್ಕಳು ತಮ್ಮದನ್ನು ಮರೆಯುತ್ತಾರೆಂದು ಕೊರಗುವವರು, ಅವರು ಎರಡು ಮೂರನ್ನು ಒಟ್ಟಿಗೆ ಕಲಿಯಬಲ್ಲರೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಲಿದ ಪರಿವರ್ತನೀಯ ಉಡುಪೇ ಬೇಕೆನ್ನುವವರಿಗೂ ನಮ್ಮ ಕಸಬಿನಲ್ಲಿ ಉತ್ತರವಿದೆ. ಒಳಹೊರಗು ಮಾಡುವ ಲಂಗದ ತೊಂದರೆ ಎಂದರೆ ಕಸೂತಿಯ ಹಿಂಬದಿ: ಗಂಟು, ಅಡ್ಡ ಎಳೆ, ಗಲೀಜು. ಅದನ್ನು ಮುಚ್ಚಲು ಎರಡು ಪದರ ಬಟ್ಟೆ ಬೇಕಾಗುತ್ತದೆ, ಪದರ ಹೆಚ್ಚಿದಂತೆ ಗೊಂಬೆ ಊದಿಕೊಳ್ಳುತ್ತದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ ಮತ್ತು ಮುರ್ಗಿ ಎಂಬ ಎರಡು ಹೊಲಿಗೆಗಳು ಗಂಟಿಲ್ಲದೆ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗಿ, ಎರಡು ಮುಖದಲ್ಲಿಯೂ ಒಂದೇ ಚಿತ್ರವನ್ನು ಕೊಡುತ್ತವೆ. ನೇಗಿ, ಮೆಂತಿ ಹೊಲಿಗೆಗಳಿಗೆ ಈ ಗುಣವಿಲ್ಲ. ಗವಂತಿಯ ಗೋಪುರವನ್ನೋ ಆನೆಯನ್ನೋ ಹೊತ್ತ ಒಂದೇ ಪದರದ ಲಂಗಕ್ಕೆ ಒಳಗು ಹೊರಗು ಎಂಬ ಭೇದವೇ ಇಲ್ಲ. ಒಂದು ಮುಖದಲ್ಲಿ ಅಂಚಿಗೆ ಜರಿ, ಇನ್ನೊಂದು ಮುಖದಲ್ಲಿ ಬಿಳಿ ಪಟ್ಟಿ ಟಾಕಿದರೆ ಹಬ್ಬಕ್ಕೊಂದು, ನಿತ್ಯಕ್ಕೊಂದು. ಗೊಂಬೆಯ ಅಳತೆಗೆ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ನೇಯ್ಗೆ ಬಿಡುಬಿಡಾಗಿರುವ ಹತ್ತಿ ಬಟ್ಟೆಯನ್ನು ಆರಿಸಿ, ದಾರದ ಎಳೆಗಳನ್ನು ಬಿಡಿಸಿ ಒಂದನ್ನೇ ಪೋಣಿಸಿಕೊಳ್ಳಬೇಕು. ಸೀರೆಯಾದರೆ ಇದಾವುದೂ ಬೇಡ. ಹಳೆಯ ಮಲ್ಮಲ್ ಸೀರೆಯನ್ನು ಅಂಚಿನ ಉದ್ದಕ್ಕೆ ಏಳೂವರೆ ಅಂಗುಲ ಬಿಟ್ಟು ಒಂದು ಗಜ ಹರಿದುಕೊಂಡರೆ ಕೆಳಗಿನ ಅಂಚು ತಾನೇ ಸಿದ್ಧವಾಗಿರುತ್ತದೆ. ಮೇಲಿನ ಹರಿದ ಅಂಚು ಸೊಂಟದೊಳಗೆ ಹೋಗುವುದರಿಂದ ಅದಕ್ಕೆ ಹೊಲಿಗೆ ಹಾಕುವ ಅಗತ್ಯವೂ ಇಲ್ಲ.